ಮಷಿನ್‌ದಾಗ ಹೊಲಿದ ಕೌದಿ ನಡುವ ಉಬ್ಬೇತಿ, ಬಿಚ್ಚಲೋ ಬ್ಯಾಡೋ?

ಹುಬ್ಬಳ್ಳಿಯಾಕಿ:

ಎಲ್ಲಾರಿಗೂ ನಮಸ್ಕಾರ್ರಿ. ಮುಂದಿನ ತಿಂಗಳ ಮಗಳ ಹೆರಿಗಿ ಐತಿ. ಕೂಸಿಗೆ ಅಂತ ನಮ್ಮ ಅವ್ವನ ಎರಡು ಇಳಕಲ್ ಸೀರಿ ಹಾಕಿ ಕೌದಿ ಹೊಲಿಯಾಕ ಕುಂತೇನಿ. ಅವ್ವ ಕೈಲೇ ಹೊಲೀತಿದ್ಲು. ಅಂಚಿನಿಂದ ಸುರು ಮಾಡಿ ಸುತ್ತು ಹಾಕ್ಕೋತ ನಡುವಿಗೆ ಬರ್ತಿದ್ಲು. ನನಗ ಬೆರಳಿನ ಸಂದು ನೋವು. ಸೂಜಿ ಹಿಡದ್ರ ಹತ್ತು ನಿಮಿಷಕ್ಕ ಸೆಟದು ನಿಂತುಬಿಡ್ತಾವು. ಅದಕ್ಕ ಕಾಲಿಲೆ ತುಳಿಯೋ ಹಳೀ ಕರೀ ಮಷಿನ್ ತಗದ್ನಿ. ಕೌದಿ 45 ಇಂಚು ಉದ್ದ, 36 ಅಗಲ. ಮ್ಯಾಲೊಂದು ಸೀರಿ, ಕೆಳಗೊಂದು, ನಡುವ ಅಪ್ಪನ ಧೋತರ ಎರಡು ಮಡಿಕಿ.

ಅವ್ವನಂಗ ಅಂಚಿನಿಂದ್ಲೇ ಸುರು ಮಾಡಿದ್ನಿ. ಒಂಬತ್ತು ಸುತ್ತು ಆಗೂತನಾ ಚಲೋ ಇತ್ತು. ಈಗ ನೋಡಿದ್ರ ನಡುವ ಪೂರಿ ಉಬ್ಬಿದಂಗ ಉಬ್ಬೇತಿ. ಕೈಲೇ ಒತ್ತಿದ್ರ ಈ ಕಡಿ ಇಳದು ಆ ಕಡಿ ಏಳತೈತಿ.

ಇದು ಸಾಲದು ಅಂತ ಏಳನೇ ಸುತ್ತಿನ್ಯಾಗ ಒಂದು ಮೊಳ ಉದ್ದಕ ಕೆಳಗಿನ ಮಗ್ಗಲಕ ಬರೇ ಕುಣಿಕಿ ಕುಣಿಕಿ ಬಂದಾವು, ಟವೆಲ್ಲಿನ ಎಳಿ ಇದ್ದಂಗ. ಒಂದು ಕಡೆ ಗುಬ್ಬಿಗೂಡಿನಂಗ ಗಂಟು. ಕೆಳಗಿನ ದಾರ ಇರೋ ಬಾಬಿನ್ ಕೇಸಿನ ಸ್ಕ್ರೂ ಬಿಗಿ ಮಾಡಿದ್ನಿ, ಏನೂ ಫರಕ ಆಗ್ಲಿಲ್ಲ. ಗಂಟು ಜಗ್ಗಿದ್ರ ಸೀರಿ ಹುಣಸೀ ಬೀಜದಷ್ಟು ಹರೀತು. ಅಷ್ಟಕ್ಕ ಬ್ಲೇಡ್ ಒಗದು ಎದ್ದೇನಿ.

ಬಾಜೂಮನಿಯಾಕಿ “ಕೂಸಿಗೇನ್ ಕಾಣ್ತೈತಿ ಬಿಡ್ರಿ” ಅಂತಾಳ. ನನಗ ಕಾಣ್ತೈತಲ್ರಿ! ಪೂರಾ ಬಿಚ್ಚಬೇಕೇನು?

ಟೇಲರ್ ಮೈಸೂರು:

ಅಮ್ಮಾ, ಪೂರ್ತಿ ಬಿಚ್ಚಬೇಡಿ. ಮೊದಲು ಆ ಬಾಬಿನ್ ಸ್ಕ್ರೂ ಎಷ್ಟು ತಿರುಗಿಸಿದ್ರೋ ಅಷ್ಟೂ ವಾಪಸ್ ತಿರುಗಿಸಿ. ಅಡಿಯಲ್ಲಿ ಕುಣಿಕೆ ಕಂಡ ತಕ್ಷಣ ಎಲ್ಲರೂ ಬಾಬಿನ್ ಮೇಲೆ ಹಾಯ್ತಾರೆ. ಆದರೆ ಅಡಿಯಲ್ಲಿ ಕುಣಿಕೆ ಬಿದ್ದರೆ ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ದಾರ ಮುಗಿದಾಗ ಮಷಿನ್ ಪಾದ, ಅಂದ್ರೆ ಬಟ್ಟೆ ಒತ್ತಿ ಹಿಡಿಯೋ ಭಾಗ, ಕೆಳಗೆ ಇಳಿಸಿಕೊಂಡೇ ಹೊಸ ದಾರ ಪೋಣಿಸಿದ್ರಾ? ಪಾದ ಇಳಿದಿದ್ದಾಗ ಮೇಲಿನ ದಾರ ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳು ಕಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರೋದಿಲ್ಲ, ಮೇಲೇ ತೇಲುತ್ತೆ. ಪಾದ ಎತ್ತಿ ಪೋಣಿಸಿ, ಆಮೇಲೆ ಇಳಿಸಿ ದಾರ ಎಳೆದು ನೋಡಿ. ಸೂಜಿ ಸ್ವಲ್ಪ ಬಾಗುವಷ್ಟು ಬಿಗಿ ಸಿಗಬೇಕು. ತುಳಿಯೋ ಮಷಿನ್ ಅಂತೀರಿ, ಚಕ್ರ ಒಂದು ಸಲ ಹಿಂದಕ್ಕೆ ತಿರುಗಿದರೂ ಗಂಟು ಖಾತ್ರಿ.

ಇನ್ನು ಬಿಚ್ಚೋದು. ಕುಣಿಕೆ ಬಂದಿರೋ ಜಾಗಕ್ಕೆ ಬ್ಲೇಡೇ ಬೇಡ. ಬಟ್ಟೆ ಬೋರಲು ಹಾಕಿ ಬೆಳಕಿಗೆ ಹಿಡೀರಿ. ಕುಣಿಕೆಗಳ ಒಳಗೆ ಬಾಬಿನ್ ದಾರ ಒಗೆದ ಬಟ್ಟೆ ಹಾಕೋ ತಂತಿ ಥರ ನೆಟ್ಟಗೆ ಮಲಗಿರುತ್ತೆ. ಎರಡೂ ತುದಿ ಕತ್ತರಿಸಿ, ಒಂದು ತುದಿ ಹಿಡಿದು ಮೆಲ್ಲಗೆ ಎಳೀರಿ, ಸರ್ರನೆ ಬರುತ್ತೆ. ಅದು ಬಂದರೆ ಮೇಲಿನ ದಾರಕ್ಕೆ ಹಿಡಿತ ಎಲ್ಲಿ? ಬಟ್ಟೆ ತಿರುಗಿಸಿ ಎತ್ತಿದರೆ ಆಯ್ತು. ಗಂಟಿಗೆ ಮಾತ್ರ ಸಣ್ಣ ಕತ್ತರಿ ಮೊನೆಯಲ್ಲಿ ಒಂದೊಂದೇ ಎಳೆ ಕತ್ತರಿಸಿ.

ಸರಿಯಾಗಿ ಬಿದ್ದ ಹೊಲಿಗೆ ಬಿಚ್ಚೋದಾದರೆ ಅಡಿಯಿಂದ ನಾಲ್ಕು ಹೊಲಿಗೆಗೆ ಒಂದು ಕತ್ತರಿಸುತ್ತಾ ಹೋಗಿ, ಮೇಲಿನ ದಾರ ಎಳೀರಿ. ಎರಡು ಬಟ್ಟೆ ಬಿಡಿಸಿ ನಡುವೆ ಬ್ಲೇಡ್ ಆಡಿಸೋದು ರವಿಕೆಗೆ ಸರಿ, ಕೌದಿಗಲ್ಲ. ಬಿಚ್ಚಿದ ಕಡೆ ಎರಡೂ ಬದಿ ಮೂರಿಂಚು ದಾರ ಉಳಿಸಿಕೊಂಡು ಗಂಟು ಹಾಕಿ, ಕೈಸೂಜಿಯಲ್ಲಿ ಒಳಪದರಕ್ಕೆ ಎಳೆದು ಬಿಡಿ. ಹೊಸ ಹೊಲಿಗೆ ಹಳೇದರ ಮೇಲೆ ಅರ್ಧ ಇಂಚು ಹತ್ತಿಸಿ ಶುರು ಮಾಡಿ. ಸೂಜಿ 14 ನಂಬರ್ ಸಾಕು. ದಪ್ಪ ಇದೆ ಅಂತ 18 ಹಾಕಿದರೆ ಹಳೇ ಸೀರೆ ಜರಡಿ ಆಗುತ್ತೆ.

ಹುಬ್ಬಳ್ಳಿಯಾಕಿ:

ಅಯ್ಯ, ಪಾದ ಇಳಿಸೇ ಪೋಣಿಸಿದ್ನಿರಿ! ನೀವು ಬಾಜೂಕ ನಿಂತು ನೋಡಿದಂಗ ಹೇಳಿದ್ರಿ. ಬಿಚ್ಚಿದ ಮ್ಯಾಲ ತೂತು ಉಳೀತಾವಲ್ಲ, ಅದಕ್ಕೇನು? ಉಬ್ಬಿಂದೂ ಯಾರರ ಹೇಳ್ರಿ.

ಹಳಿಯಾಳ ಕಡೆಯವಳು:

ಅಕ್ಕಾ, ಉಬ್ಬಿಗೆ ಕಾರಣ ನಿಮ್ಮ ಅವ್ವನ ಲೆಕ್ಕವನ್ನು ಮಷಿನ್‌ಗೆ ಹಾಕಿದ್ದು. ನಮ್ಮಲ್ಲಿ ಸಿದ್ದಿ ಸಮುದಾಯದ ಹೆಂಗಸರೂ ಅಂಚಿನಿಂದಲೇ ಶುರು ಮಾಡಿ ನಡುವೆ ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ತುಂಡುಗಳ ‘ಫುಲ’ ಇಡದೆ ಕೌದಿ ಮುಗಿಯಿತು ಅನ್ನೋದಿಲ್ಲ. ಆದರೆ ಅವರು ತುಂಡು ಬಟ್ಟೆ ಇಡುತ್ತಾ, ಅಂಚು ಮಡಿಸುತ್ತಾ, ಹೊಲಿಯುತ್ತಾ ಹೋಗುತ್ತಾರೆ. ಎಲ್ಲಿ ಹೆಚ್ಚಾಯ್ತೋ ಅಲ್ಲೇ ಮಡಿಕೆಯೊಳಗೆ ಸೇರಿಹೋಗುತ್ತೆ. ಮಷಿನ್‌ನಲ್ಲಿ ಕೆಳಗಿನ ಹಲ್ಲು ಅಡಿಯ ಬಟ್ಟೆಯನ್ನು ಎಳೆಯುತ್ತೆ, ಪಾದ ಮೇಲಿನ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತೆ. ಒಂದೊಂದು ಸುತ್ತಿಗೂ ಒಂದೊಂದು ನೂಲಿನಷ್ಟು ಹೆಚ್ಚಾಗಿ, ಹೊರಗೆ ಹೋಗಲು ದಾರಿ ಇಲ್ಲದೆ ನಡುವೆ ಬಂದು ಕೂತಿದೆ. ಮಷಿನ್ ಆದರೆ ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಅದಕ್ಕೂ ಮೊದಲು ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಪಾದದ ಒತ್ತಡದ ಸ್ಕ್ರೂ ಕೂಡ ಸ್ವಲ್ಪ ಸಡಿಲ ಮಾಡಿ.

ಈಗ ಏನು ಮಾಡೋದು? ಒಳಗಿನ ಎರಡು ಸುತ್ತು ಬಿಚ್ಚಿದರೆ ಪ್ರಯೋಜನವಿಲ್ಲ, ಹೊರಗಿನ ಏಳು ಸುತ್ತು ಬಾಗಿಲು ಹಾಕಿವೆ. ಒಂದು ಮಗ್ಗುಲಿನ ಒಂಬತ್ತೂ ಸುತ್ತು ಬಿಚ್ಚಿ, ಹೆಚ್ಚಿನ ಬಟ್ಟೆಯನ್ನು ಅಂಚಿಗೆ ಸವರಿ ತಂದು ಕತ್ತರಿಸಬಹುದು. ಹೊಸ ಬಟ್ಟೆ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ಉಟ್ಟು ಸವೆದ ಸೀರೆ ಅಷ್ಟು ಬಿಚ್ಚೋದನ್ನು ತಾಳಲಾರದು. ನಾನಾಗಿದ್ದರೆ ಉಬ್ಬನ್ನೆಲ್ಲ ಒಂದೇ ನೆರಿಗೆಗೆ ತಂದು, ಚಪ್ಪಟೆ ಮಡಿಸಿ ಕೂರಿಸಿ, ಮೇಲೆ ಚೌಕದ ತುಂಡು ಹಾಕಿ ಮುಚ್ಚುತ್ತೇನೆ.

ತೂತಿಗೆ ಬಟ್ಟೆ ಒದ್ದೆ ಮಾಡಿ, ಉಗುರಿನಿಂದ ಅಡ್ಡಡ್ಡ, ಉದ್ದುದ್ದ ಕೆರೆಯಿರಿ. ಹತ್ತಿಯ ಎಳೆ ಸರಿದು ಮುಚ್ಚಿಕೊಳ್ಳುತ್ತೆ. ಇದು ಸೀರೆಯ ಒಡಲಿಗೆ ಮಾತ್ರ. ಸೆರಗು ರೇಷ್ಮೆಯದಾಗಿದ್ದರೆ ಅಲ್ಲಿ ತೂತು ಮುಚ್ಚೋದಿಲ್ಲ, ಬಿಚ್ಚಲೇಬೇಡಿ. ಹರಿದ ಕಡೆ ಬಿಚ್ಚಿದ ಸಂದಿಯಿಂದ ಒಂದು ಮೆತ್ತನೆ ಹತ್ತಿ ತುಂಡು ಒಳಗೆ ತೂರಿಸಿ ನಾಲ್ಕು ಹೊಲಿಗೆ ಹಾಕಿ.

ಟೇಲರ್ ಮೈಸೂರು:

ನೆರಿಗೆ ಐಡಿಯಾ ಸರಿ ಇದೆ. ನೆರಿಗೆ ಮೇಲೆ ಇಸ್ತ್ರಿ ಹಾಕಿ ಆಮೇಲೆ ತುಂಡು ಇಡಿ, ಇಲ್ಲದಿದ್ದರೆ ದಿಂಡು ಎದ್ದು ಮಗುವಿಗೆ ಒತ್ತುತ್ತೆ.

ಹುಬ್ಬಳ್ಳಿಯಾಕಿ:

ಎರಡು ದಿನ ಆತು, ಬರದು ಹೇಳೂಣು ಅಂತ ಬಂದ್ನಿ. ಬಾಬಿನ್ ದಾರ ಖರೇನ ಶ್ಯಾವಿಗಿ ಎಳಿಯಂಗ ಬಂತ್ರಿ, ಒಂದು ಮೊಳ ಒಂದೇ ಸಲಕ್ಕ! ಉಗುರಿಲೆ ಕೆರದ ಮ್ಯಾಲ ಚಂದ್ರಕಾಳಿ ಸೀರಿ ಕರೀ ಒಡಲಿನ್ಯಾಗ ತೂತು ಎಲ್ಲಿದ್ದು ಅಂತ ಹುಡುಕಬೇಕು. ಸೆರಗಿನ ಮ್ಯಾಲ ಒಂದು ಕಡೆ ಸೊಟ್ಟ ಹೋಗೇತಿ, ಅದನ್ನ ಮುಟ್ಟಿಲ್ಲ.

ಉಬ್ಬು ಅಳದ್ರ ಒಂದು ಇಂಚಿಗೆ ತುಸು ಕಡಿಮಿ ಇತ್ತು. ಮಡಚಿ, ಇಸ್ತ್ರಿ ತಿಕ್ಕಿ, ಮ್ಯಾಲ ಅವ್ವನ ಕುಪ್ಪಸದ್ದು ಗುಳೇದಗುಡ್ಡ ಖಣದ ಆರಿಂಚಿನ ಚೌಕ ಇಟ್ಟೇನಿ. ಬಾಜೂಮನಿಯಾಕಿ ಬಂದು “ಇದನ್ನ ಮೊದಲ ಹಾಕಬೇಕಿತ್ತು” ಅಂದ್ಲು. ಸುಮ್ಮನಿದ್ನಿ.

ಆ ಚೌಕ ಮಾತ್ರ ಮಷಿನಿಗೆ ಕೊಟ್ಟಿಲ್ರಿ. ಕೈಲೇ ಹೊಲಿಯಾಕ ಹತ್ತೇನಿ. ದಿನಾ ಮುಂಜಾನೆ ಬೆರಳು ಬಿಸಿನೀರಾಗ ಅದ್ದಿ, ಹತ್ತು ನಿಮಿಷ. ಎರಡು ಮಗ್ಗಲ ಆಗೇತಿ, ಇನ್ನೂ ಎರಡು ಉಳದಾವು.