ಅಪ್‌ಡೇಟ್: ಇಂಟರ್‌ವ್ಯೂ ಟೈಮ್ ಬದಲಾಯಿಸಲು ಕೇಳಿದೆ, ಬದಲಾಯಿಸಿದರು

ನೆನಪಿದೆ ಅಲ್ವಾ, ಕಲಬುರಗಿಯ ನನಗೆ ಬೆಂಗಳೂರಿನ ಕಂಪನಿಯೊಂದು ಮಂಗಳವಾರ ಬೆಳಿಗ್ಗೆ 10ಕ್ಕೆ ಇಂಟರ್‌ವ್ಯೂ ಇಟ್ಟಿತ್ತು. ಟೈಮ್ ಬದಲಾಯಿಸಿ ಅಂದರೆ ಕೆಲಸ ಕೈತಪ್ಪುತ್ತಾ ಅಂತ ಕೇಳಿದ್ದೆ. ತಪ್ಪಲಿಲ್ಲ.

ಫೋನ್ ಮಾಡಿ ಗೋಳು ಹೇಳಿಕೊಳ್ಳಲಿಲ್ಲ. ಇಂಟರ್‌ವ್ಯೂ ಟೈಮ್ ಹೊಂದಿಸುವ ಮೇಡಂ ಕಳಿಸಿದ್ದ ಮೇಲ್‌ಗೇ ರಿಪ್ಲೈ ಕೊಟ್ಟೆ: "ಮೇಡಂ, ಕಲಬುರಗಿಯಿಂದ ಬರಬೇಕು. ವಂದೇ ಭಾರತ್ ಬೆಂಗಳೂರು ಮುಟ್ಟುವುದು ಮಧ್ಯಾಹ್ನ 2ರ ಸುಮಾರಿಗೆ. ಮಂಗಳವಾರ ಸಂಜೆ 4ರ ಮೇಲೆ, ಬುಧವಾರ ಇಡೀ ದಿನ, ಗುರುವಾರ ಮಧ್ಯಾಹ್ನದವರೆಗೆ ಬರಬಲ್ಲೆ. ಮೊದಲ ಸುತ್ತು ವಿಡಿಯೊದಲ್ಲಾದರೂ ಸರಿ." ಕೆಳಗೆ ಪೂರ್ತಿ ಹೆಸರು, ಯಾವ ಹುದ್ದೆ, ಮೊಬೈಲ್ ನಂಬರ್. ಅಷ್ಟೇ.

ಸಂಜೆಯೊಳಗೆ ಅವರೇ ಫೋನ್ ಮಾಡಿದರು. ಪ್ಯಾನೆಲ್‌ನಲ್ಲಿ ಮೂವರು, ಮೂವರಿಗೂ ಒಂದೇ ಹೊತ್ತಿಗೆ ಬಿಡುವು ಹುಡುಕಬೇಕಂತೆ. "ಯಾವಾಗಾದರೂ ಸರಿ ಮೇಡಂ" ಅನ್ನುವವರಿಂದಲೇ ಜಾಸ್ತಿ ತಲೆನೋವಂತೆ. ಹಿಂದಿನ ದಿನ ರಾತ್ರಿ "ಆಗಲ್ಲ" ಅಂತ ಮೆಸೇಜ್ ಹಾಕುತ್ತಾರಂತೆ! ನಮ್ಮ ಕಡೆಯವರು ಸಂಕೋಚಕ್ಕೆ "ಆಯ್ತ್ರೀ" ಅಂದುಬಿಡುತ್ತೇವೆ, ಆ ಸಂಕೋಚ ಅವರಿಗೇ ಕಷ್ಟ ಅಂತ ಈಗ ಗೊತ್ತಾಯಿತು.

ಅದೇ ಫೋನ್‌ನಲ್ಲಿ ಎಷ್ಟು ಹೊತ್ತು, ಯಾವ ಗೇಟು, ಏನು ತರಬೇಕು ಎಲ್ಲ ಕೇಳಿಕೊಂಡೆ. ಲ್ಯಾಪ್‌ಟಾಪ್ ಬೇಕಂತೆ, ಮೇಲ್‌ನಲ್ಲಿ ಅದು ಇರಲೇ ಇಲ್ಲ. ಸಂಬಳದ ಮಾತು ಎತ್ತಲಿಲ್ಲ, ಅದು ಅವರ ಕೈಯಲ್ಲಿರುವುದಲ್ಲ. ಕ್ಯಾಲೆಂಡರ್ ಇನ್ವೈಟ್ ಬಂದ ಕೂಡಲೇ ಆಕ್ಸೆಪ್ಟ್ ಒತ್ತಿದೆ.

ಬುಧವಾರ 11ಕ್ಕೆ ಇಂಟರ್‌ವ್ಯೂ ಇಟ್ಟರು, ಮುಗಿಸಿ ಬಂದೆ. ಎರಡನೇ ಸುತ್ತಿಗೂ ಕರೆದಿದ್ದಾರೆ, ಅದು ವಿಡಿಯೊದಲ್ಲಿ. ರೈಲಿನ ಖರ್ಚು ಕೊಡುತ್ತಾರಾ ಅಂತ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.