ಮಡಿಕೇರಿ ಚಳಿಗೆ ಸ್ಲಿಪ್ಪರ್ ಆರ್ಕಿಡ್ ಸಸಿಗಳ ಸುಳಿ ಕೊಳೆಯುತ್ತಿದೆ, ಏನು ಮಾಡಬೇಕು?

ಕಾಫಿತೋಟ_ಮಡಿಕೇರಿ:
ಎಲ್ಲರಿಗೂ ನಮಸ್ಕಾರ. ಸ್ಲಿಪ್ಪರ್ ಆರ್ಕಿಡ್‌ನ ಎರಡು ಜಾತಿ, ಪ್ಯಾಫಿಯೋಪೆಡಿಲಮ್ ಇನ್‌ಸಿಗ್ನೆ ಮತ್ತು ವೆನುಸ್ಟಮ್ ಸಸಿಗಳಿವೆ. ಲ್ಯಾಬ್‌ನಲ್ಲಿ ಬೀಜ ಮೊಳೆಸುವ ಗಾಜಿನ ಫ್ಲಾಸ್ಕಿನಿಂದ ತೆಗೆದು ಮೂರು ತಿಂಗಳಾಯಿತು, ಎಲೆ ಹರವು 3ರಿಂದ 4 ಸೆಂ.ಮೀ. ಮನೆಯೊಳಗೆ ಉತ್ತರದ ಕಿಟಕಿ ಪಕ್ಕ, ಸಿಮೆಂಟ್ ಕಟ್ಟೆ ಮೇಲಿವೆ. ಈಗ ಜನವರಿ, ಕೋಣೆಯಲ್ಲಿ ರಾತ್ರಿ 14 ಡಿಗ್ರಿ, ಹಗಲು 22. ಕುಂಡಕ್ಕೆ ಪೂರ್ತಿ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಪಾಚಿ) ತುಂಬಿದೆ, ಎರಡು ದಿನಕ್ಕೊಮ್ಮೆ ಸ್ಪ್ರೇ. ಸುಳಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಎಲೆ ಕಳಚಿ ಕೈಗೆ ಬರುತ್ತಿದೆ. ಇನ್‌ಸಿಗ್ನೆ ತಂಪು ತಡೆಯುತ್ತದೆ ಅಂತಾರಲ್ಲ, ಮತ್ತೆ ಯಾಕೆ ಹೀಗೆ? ರೂಮ್ ಹೀಟರ್ ಇಡಬೇಕಾ? ಕಾಫಿಗೆ ಹೊಡೆಯುವ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಇದಕ್ಕೂ ಆಗುತ್ತಾ?

ಬೇರುಬಿಳಲು:
ತಂಪು ತಡೆಯುವುದು ದೊಡ್ಡ ಗಿಡ ಸರ್, ಸಸಿಯಲ್ಲ. ಪ್ಯಾಫ್‌ಗೆ, ಅಂದರೆ ಪ್ಯಾಫಿಯೋಪೆಡಿಲಮ್‌ಗೆ, ಬೇರೆ ಹಲವು ಆರ್ಕಿಡ್‌ಗಳ ಹಾಗೆ ನೀರು ಕೂಡಿಡುವ ಗೆಡ್ಡೆ ಇರುವುದಿಲ್ಲ. ಸಸಿಗೆ ಇರುವುದೇ ಎರಡು ಮೂರು ಬೇರು, ಅವು ನಿಂತರೆ ಗಿಡವೂ ನಿಂತಂತೆ.

ನೀವು ಕೋಣೆಯ ತಾಪ ಹೇಳಿದ್ದೀರಿ, ಕುಂಡದ್ದು ಹೇಳಿಲ್ಲ. ಒದ್ದೆ ಮಾಸ್ ಮಣ್ಣಿನ ಹೂಜಿಯ ಹಾಗೆ, ನೀರು ಆವಿಯಾದಷ್ಟೂ ಒಳಗೆ ತಣ್ಣಗಾಗುತ್ತದೆ. ಕೆಳಗೆ ಸಿಮೆಂಟ್ ಬೇರೆ. ಕೋಣೆ 14 ಇದ್ದರೆ ಬೇರಿನ ಹತ್ತಿರ 11-12 ಇರಬಹುದು. ಅಷ್ಟರಲ್ಲಿ ಬೇರು ನೀರು ಎಳೆಯುವುದೇ ಕಡಿಮೆ. ನಿಂತ ನೀರಿನಲ್ಲಿ ಪಿತಿಯಮ್ ಥರದ, ಶಿಲೀಂಧ್ರವನ್ನು ಹೋಲುವ ರೋಗಾಣು ಬುಡ ಹಿಡಿಯುತ್ತದೆ. ಸ್ಪ್ರೇ ನೀರು ಸುಳಿಯಲ್ಲಿ ರಾತ್ರಿಯಿಡೀ ಉಳಿದರೆ ಬ್ಯಾಕ್ಟೀರಿಯಾ ಕೊಳೆ. ಅಕ್ವೇರಿಯಂಗೆ ಬಳಸುವ ವೈರ್ ಪ್ರೋಬ್ ಥರ್ಮಾಮೀಟರ್ ತಂದು, ಬೆಳಿಗ್ಗೆ 6ಕ್ಕೆ ಕುಂಡದೊಳಗೆ 2 ಸೆಂ.ಮೀ. ಇಳಿಸಿ ನೋಡಿ. 16ಕ್ಕಿಂತ ಕೆಳಗಿದ್ದರೆ ಕಾರಣ ಅಲ್ಲೇ ಇದೆ.

ರೂಮ್ ಹೀಟರ್ ಬೇಡ. ಗಾಳಿ ಕಾಯುತ್ತದೆ, ಎಲೆ ಒಣಗುತ್ತದೆ, ಕುಂಡ ಮಾತ್ರ ತಣ್ಣಗೇ ಇರುತ್ತದೆ. ಕೆಳಗಿನಿಂದ ಕಾವು ಕೊಡಿ. 20 ವ್ಯಾಟ್‌ನ ಸೀಡ್ಲಿಂಗ್ ಹೀಟ್ ಮ್ಯಾಟ್ (ಸಸಿ ಟ್ರೇ ಕೆಳಗೆ ಹಾಸುವ ಕರೆಂಟ್ ಚಾಪೆ) ಒಂದು ಟ್ರೇಗೆ ಸಾಕು. ಮ್ಯಾಟ್ ಕೆಳಗೆ ಒಂದು ಇಂಚು ಥರ್ಮೋಕೋಲ್, ಮೇಲೆ ಒಂದೆರಡು ಸೆಂ.ಮೀ. ಎತ್ತರದ ಜಾಲರಿ, ಅದರ ಮೇಲೆ ಕುಂಡ. ಥರ್ಮೋಸ್ಟಾಟ್ (ತಾಪ ನೋಡಿ ಆನ್-ಆಫ್ ಮಾಡುವ ಸಾಧನ) 22-23ಕ್ಕೆ ಇಟ್ಟು, ಅದರ ಪ್ರೋಬನ್ನು ಕುಂಡದೊಳಗೇ ಇಳಿಸಿ. ಮ್ಯಾಟ್ ಮೇಲೆ ಇಟ್ಟರೆ ಮ್ಯಾಟ್ 23 ಮುಟ್ಟಿದ ಕೂಡಲೇ ಆಫ್ ಆಗುತ್ತದೆ, ಕುಂಡ 17ರಲ್ಲೇ ಕೂತಿರುತ್ತದೆ. ಬೇರು ಬೆಚ್ಚಗಿದ್ದರೆ ಮೇಲಿನ ಗಾಳಿ 14-15 ಇದ್ದರೂ ಇನ್‌ಸಿಗ್ನೆ ತಡೆಯುತ್ತದೆ.

ಈಗಿನ ಸಸಿಗಳ ವಿಷಯ: ಸುಳಿ ಮೆತ್ತಗಾಗಿ ವಾಸನೆ ಬಂದವನ್ನು ಎಸೆಯಿರಿ, ಆಸೆ ಪಡಬೇಡಿ. ಉಳಿದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಬೇರು ಒತ್ತಿ ನೋಡಿ. ಪ್ಯಾಫ್ ಬೇರು ಕಂದು, ಮೇಲೆ ನವಿರು ರೋಮ, ಗಟ್ಟಿಯಿದ್ದರೆ ಜೀವಂತ. ವಾಂಡಾ ಆರ್ಕಿಡ್‌ನ ಬಿಳಿ ಬೇರು ನೋಡಿ ಅಭ್ಯಾಸವಾದವರು ಇದನ್ನು ಸತ್ತದ್ದೆಂದು ಕತ್ತರಿಸಿಬಿಡುತ್ತಾರೆ. ಒತ್ತಿದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಅದು ಸತ್ತ ಬೇರು. ಬ್ಲೇಡನ್ನು ಒಂದೊಂದು ಸಸಿಗೂ ಬೆಂಕಿಗೆ ಹಿಡಿಯಿರಿ. ಎಲೆ ಕತ್ತರಿಸಿದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು, ಬೇರಿಗೆ ಮಾತ್ರ ತಾಗಿಸಬೇಡಿ, ಒಣಗಿಸುತ್ತದೆ.

ಹೊಸ ಮಿಶ್ರಣಕ್ಕೆ 3-6 ಮಿ.ಮೀ. ಪೈನ್ ತೊಗಟೆ 5 ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜ ಹರಳು) 2, ಅದೇ ಗಾತ್ರದ ಇದ್ದಿಲು 1. ತೊಗಟೆ ಒಂದು ರಾತ್ರಿ ನೆನೆಯಲಿ. 8 ಸೆಂ.ಮೀ. ಕುಂಡಕ್ಕೆ ಎಂಟು ಹತ್ತು ಸಸಿ ಒಟ್ಟಿಗೇ ನೆಡಿ. ಒಂದೊಂದನ್ನೇ ದೊಡ್ಡ ಕುಂಡಕ್ಕೆ ಹಾಕಿದರೆ ಸುತ್ತಲಿನ ಮಿಶ್ರಣ ಆರುವುದೇ ಇಲ್ಲ.

ಬೋರ್ಡೋ ಬೇಡವೇ ಬೇಡ. ಎಳೆ ಎಲೆಗೆ ತಾಮ್ರ ಸುಡುತ್ತದೆ, ತಂಪಿನಲ್ಲಿ ಬೇಗ ಆರದೆ ಇನ್ನೂ ಹೆಚ್ಚು.

ಸುಣ್ಣಕಲ್ಲು:
ಮೇಲಿನವರು ಹೇಳಿದ್ದು ಸರಿ, ಆದರೆ ಮಾಸ್ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ಅದುಮಿ ತುಂಬಿದ ಮಾಸ್ ಕೊಲ್ಲುತ್ತದೆ. ಸಡಿಲವಾಗಿ ಸುತ್ತಿ, ಕೆಳಗೆ ಹೀಟ್ ಮ್ಯಾಟ್ ಇದ್ದರೆ ಫ್ಲಾಸ್ಕಿನಿಂದ ಬಂದ ಮೊದಲ ಎರಡು ತಿಂಗಳಿಗೆ ತೊಗಟೆಗಿಂತ ಅದೇ ವಾಸಿ. ನಿಮ್ಮೂರಲ್ಲಿ ಮಳೆ ಹಿಡಿಯುವ ಮುಂಚೆ ಮಾತ್ರ ತೊಗಟೆಗೆ ಬದಲಿಸಲೇಬೇಕು.

ನೀರು, ಗೊಬ್ಬರ ಯಾರೂ ಕೇಳಲಿಲ್ಲ. ಮಳೆನೀರು ಕೊಡುತ್ತಿದ್ದರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಲೆಕ್ಕ. ಇನ್‌ಸಿಗ್ನೆ ಮೇಘಾಲಯದ ಕಡೆ ಸುಣ್ಣಕಲ್ಲಿನ ಬಂಡೆ ಮೇಲೆ ಬೆಳೆಯುವ ಗಿಡ. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 0.3 ಗ್ರಾಂ ಒಂದು ವಾರ. ಮುಂದಿನ ವಾರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಿರುವ ಗೊಬ್ಬರ) ಲೀಟರಿಗೆ 0.25 ಗ್ರಾಂ, ಜೊತೆಗೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) 0.2 ಗ್ರಾಂ, ಮೂರನೇ ವಾರ ಬರೀ ನೀರು ಹರಿಸಿ ತೊಳೆಯುವುದು. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದೆರಡರ ಗಟ್ಟಿ ದ್ರಾವಣಕ್ಕೆ ಬೆರೆಸಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಗಸಿಯಾದದ್ದು ಗಿಡಕ್ಕೆ ಸಿಗುವುದಿಲ್ಲ. 19:19:19ರ ಸಾರಜನಕ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು. ತಣ್ಣನೆ ಕುಂಡದಲ್ಲಿ ಅದು ನಿಧಾನಕ್ಕೆ ಒಡೆಯುತ್ತದೆ. ಹಾಗಾಗಿ ಡಿಸೆಂಬರ್-ಜನವರಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟೇ ಮುಖ್ಯವಾಗಲಿ.

ನೀರು 20 ಡಿಗ್ರಿಗಿಂತ ತಣ್ಣಗಿರಬಾರದು, ಬೆಳಿಗ್ಗೆ 10ರ ಒಳಗೆ ಹಾಕಿ. ಸುಳಿಯಲ್ಲಿ ಹನಿ ಕೂತರೆ ಟಿಶ್ಯೂ ಮೂಲೆ ತಿರುಚಿ ಹೀರಿಸಿ. ಸ್ಪ್ರೇ ಬಾಟಲ್ ಇವತ್ತೇ ಒಳಗಿಡಿ.

ಕಾಫಿತೋಟ_ಮಡಿಕೇರಿ:
ನೋಡಿದೆ, ಕುಂಡದಲ್ಲಿ 11.5 ಇದೆ! ಮ್ಯಾಟ್ ಹಾಕಿದ ಮೇಲೆ ನೀರು ಎಷ್ಟು ದಿನಕ್ಕೊಮ್ಮೆ? ವೆನುಸ್ಟಮ್‌ಗೂ ಇದೇ ಲೆಕ್ಕವಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಗತಿ ಏನು?

ಬೇರುಬಿಳಲು:
ದಿನದ ಲೆಕ್ಕ ಬಿಡಿ, ಕುಂಡ ಎತ್ತಿ ತೂಕ ನೋಡಿ. ಮ್ಯಾಟ್ ಇದ್ದಾಗ ತಳ ಮೊದಲು ಒಣಗುತ್ತದೆ, ಮೇಲೆ ಒದ್ದೆ ಕಂಡರೂ ಬೇರಿಗೆ ನೀರಿರುವುದಿಲ್ಲ. ವೆನುಸ್ಟಮ್ ಚಿತ್ತಾರದೆಲೆಯ ಜಾತಿ, ಅದನ್ನು ಗಾಜಿನಿಂದ ದೂರ, ಟ್ರೇ ಮಧ್ಯದಲ್ಲಿಡಿ. ಗಾಳಿಯೂ 16ಕ್ಕಿಂತ ಇಳಿಯದಿದ್ದರೆ ಒಳ್ಳೆಯದು.

ಮಂಜಿನಹನಿ:
ನನ್ನ ಪ್ರಕಾರ ಅಲ್ಲಿ ಜನವರಿಗಿಂತ ಜುಲೈ ಕಷ್ಟ. ಹಗಲಲ್ಲೇ ಇಪ್ಪತ್ತರ ಆಸುಪಾಸು, ಬಿಸಿಲಿಲ್ಲ, ಕುಂಡ ವಾರವಾದರೂ ಆರುವುದಿಲ್ಲ. 20 ವ್ಯಾಟ್ ಎಲ್‌ಇಡಿ ಟ್ಯೂಬ್ ಎಲೆಯಿಂದ 30 ಸೆಂ.ಮೀ. ಮೇಲೆ, ದಿನಕ್ಕೆ 12 ಗಂಟೆ. ಎಲೆ ಮಟ್ಟದಲ್ಲಿ 5000-6000 ಲಕ್ಸ್ (ಬೆಳಕಿನ ಅಳತೆ) ಸಿಕ್ಕರೆ ಸಾಕು, ಮೊಬೈಲ್ ಆ್ಯಪ್‌ನಲ್ಲೇ ಅಂದಾಜು ಸಿಗುತ್ತದೆ. ಕಂಪ್ಯೂಟರ್‌ನ 12 ವೋಲ್ಟ್ ಫ್ಯಾನ್ ಗೋಡೆ ಕಡೆ ತಿರುಗಿಸಿ ಹಗಲೂ ರಾತ್ರಿ ಓಡಲಿ.

ಕರೆಂಟ್ ಹೋದಾಗ ಟ್ರೇಗೆ ಥರ್ಮೋಕೋಲ್ ಪೆಟ್ಟಿಗೆ ಕವುಚಿ, ಒಳಗೆ ಬಿಸಿನೀರಿನ ಎರಡು ಬಾಟಲ್ ಇಡಿ, ಕುಂಡಕ್ಕೆ ತಾಗದ ಹಾಗೆ. ಫ್ಯಾನ್‌ಗೆ ಇನ್ವರ್ಟರ್ ಲೈನ್ ಕೊಡಿ. ಮ್ಯಾಟ್ ಕೆಲವು ಗಂಟೆ ನಿಂತರೆ ನಡೆಯುತ್ತದೆ. ಪಾರದರ್ಶಕ ಮುಚ್ಚಳ ಬಳಸುವುದಾದರೆ ಒಂದು ಬದಿ ಎರಡು ಬೆರಳು ಎತ್ತರಿಸಿ ಓರೆ ಇಡಿ. ಸಮತಟ್ಟಾಗಿದ್ದರೆ ಒಳಗೆ ಕಟ್ಟಿದ ಹನಿ ನೇರ ಸುಳಿಗೇ ಬೀಳುತ್ತದೆ.