ಎಂಡಿ ಮುಗೀತು, ಕಾರ್ಡಿಯಾಲಜಿ ಎಲ್ಲಿ ಸೇರೋದು? ಅನುಭವ ಇದ್ದವರು ಹೇಳಿ

ಕುಮಟೆಯ ಫಿಜಿಷಿಯನ್
ಮೆಡಿಸಿನ್ ಎಂಡಿ ಆಗಿ ಎರಡು ವರ್ಷ ಆಯ್ತು. ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ರ‍್ಯಾಂಕ್ ಅಡ್ಡಿಲ್ಲ ಅನ್ನುವ ಹಾಗಿದೆ. ದಾರಿ ಮೂರು: ದೊಡ್ಡ ಸರ್ಕಾರಿ ಸಂಸ್ಥೆಯ ಡಿಎಂ (ಎಂಡಿ ನಂತರದ ಮೂರು ವರ್ಷದ ಹೃದ್ರೋಗ ಪದವಿ), ಡೀಮ್ಡ್‌ನಲ್ಲಿ (ಖಾಸಗಿ ವಿವಿ) ಫೀ ಕಟ್ಟಿ ಡಿಎಂ, ಕಾರ್ಪೊರೇಟ್ ಆಸ್ಪತ್ರೆಯ ಡಿಆರ್‌ಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ, ಡಿಎಂಗೆ ಸಮನಾದ ಪದವಿ). ಮುಗಿಸಿ ಉತ್ತರ ಕನ್ನಡಕ್ಕೇ ಬರುವ ಮನಸ್ಸು. ಅಮ್ಮನಿಗೆ ವಾರಕ್ಕೆರಡು ಡಯಾಲಿಸಿಸ್, ಅದಕ್ಕೇ ಮಂಗಳೂರು, ಹುಬ್ಬಳ್ಳಿ ದಾಟೋದು ಕಷ್ಟ. ಏನು ಮಾಡಲಿ?

ಕಾಳಿ ದಂಡೆಯವ, ಕಾರವಾರ
ಸರ್ಕಾರಿ ಡಿಎಂ. ಎರಡನೇ ಮಾತಿಲ್ಲ ತಮಾ. ಕೈ ಪಳಗೋದು ರೋಗಿಗಳ ಸಂಖ್ಯೆಯಿಂದ, ಕಟ್ಟಡದ ಗಾಜಿನಿಂದಲ್ಲ. ರೇಡಿಯಲ್ ಪಂಕ್ಚರ್ (ಆಂಜಿಯೋಗೆ, ಅಂದರೆ ಹೃದಯದ ರಕ್ತನಾಳದ ಎಕ್ಸ್‌ರೇಗೆ, ಮಣಿಕಟ್ಟಿನ ನಾಳ ಚುಚ್ಚೋದು) ಒಂದನ್ನೇ ತಗೊಳ್ಳಿ. ಮಣಿಕಟ್ಟಿನ ಸ್ಟೈಲಾಯ್ಡ್ ಮೂಳೆಯಿಂದ 2 ಸೆಂ.ಮೀ. ಮೇಲೆ ಚುಚ್ಚಬೇಕು ಅಂತ ಪುಸ್ತಕ ಓದಿದವರೆಲ್ಲ ಹೇಳ್ತಾರೆ. ಮೊದಲ ಚುಚ್ಚು ತಪ್ಪಿ ಸ್ಪಾಸಂ ಬಂದು ನಾಳ ಬಿಗಿದಾಗ ಅಲ್ಲೇ ಕೆದಕದೆ, ಚರ್ಮದಡಿ ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ಕೊಟ್ಟು, ನಾಡಿ ಮರಳುವ ತನಕ ಕಾದು, ಸ್ವಲ್ಪ ಮೇಲೆ ಚುಚ್ಚುವ ತಾಳ್ಮೆ ಮಾತ್ರ ಸಂಖ್ಯೆಯಿಂದಲೇ ಬರೋದು. ಶೀತ್ (ನಾಳಕ್ಕೆ ತೂರಿಸುವ ಕೊಳವೆ) ಒಳಗೆ ಹೋದ ಮೇಲೆ ಹೆಪ್ಪು ತಡೆಯುವ ಹೆಪಾರಿನ್ ಕೆಜಿಗೆ 50 ಯೂನಿಟ್. ಬರೀ ಆಂಜಿಯೋ ತಾನೇ ಅಂತ ಜಿಪುಣತನ ಮಾಡಿದರೆ ಮುಂದಿನ ಸಲ ಆ ಕೈಯಲ್ಲಿ ರಕ್ತನಾಳವೇ ಇರೋದಿಲ್ಲ. ಚುಚ್ಚಿದ ಜಾಗಕ್ಕೆ ಗಾಳಿ ತುಂಬುವ ಬ್ಯಾಂಡ್ ಬಿಗಿದು ವಾರ್ಡಿಗೆ ತಳ್ಳೋದೂ ಅದೇ ತಪ್ಪು. ಗಾಳಿ ಬಿಡ್ತಾ ಬನ್ನಿ, ರಕ್ತ ಜಿನುಗಿದ ಕೂಡಲೇ 1–2 ಮಿ.ಲೀ. ಗಾಳಿ ವಾಪಸ್ ತುಂಬಿ, ಮಣಿಕಟ್ಟಿನ ಇನ್ನೊಂದು ನಾಳ ಅಲ್ನಾರ್ ಒತ್ತಿ ಹಿಡಿದು ಹೆಬ್ಬೆರಳಿನ ಪಲ್ಸ್ ಆಕ್ಸಿಮೀಟರ್‌ನಲ್ಲಿ ಅಲೆ ಬರ್ತದಾ ನೋಡಿ. ಬರದಿದ್ದರೆ ಇನ್ನೂ ಬಿಗಿ ಇದೆ ಅಂತ ಅರ್ಥ.

ಬಾಂಡ್ (ಮುಗಿಸಿದ ಮೇಲೆ ಸರ್ಕಾರಿ ಸೇವೆ ಮಾಡ್ತೇನೆ ಅನ್ನುವ ಕರಾರು) ಮಾತ್ರ ಮೊದಲೇ ಓದಿ. ರಾಜ್ಯಗಳು ಹಾಕುವ ಸೇವಾ ಬಾಂಡ್ ಸರಿ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿಯಾಗಿದೆ. ಮುಗಿದ ಮೇಲೆ ವಕೀಲರನ್ನು ಹುಡುಕಿ ಉಪಯೋಗ ಇಲ್ಲ.

ಶಿರಸಿ ಪೇಟೆ
ಸಂಖ್ಯೆ, ಸಂಖ್ಯೆ! ಆ ಸಂಖ್ಯೆಯಲ್ಲಿ ಮೊದಲ ವರ್ಷದವನ ಪಾಲು ಎಷ್ಟು ಅಂತಲೂ ಬರೀರಿ. ಇಸಿಜಿ ಓದೋದು, ಕನ್ಸೆಂಟ್ ಬರೆಸೋದು, ರಾತ್ರಿ ಪೂರ್ತಿ ಎಕೋ (ಹೃದಯದ ಅಲ್ಟ್ರಾಸೌಂಡ್). ನನ್ನದು ಡೀಮ್ಡ್, ಮುಚ್ಚಿಡೋದೇನಿಲ್ಲ, ಲೆಕ್ಕ ಇಲ್ಲಿದೆ. ವರ್ಷಕ್ಕೆ 22 ಲಕ್ಷ, ಮೂರು ವರ್ಷಕ್ಕೆ 66. ಸಾಲದ ಬಡ್ಡಿ ಶೇ. 10.5. ಬ್ಯಾಂಕಿನವರು 'ಓದುವಾಗ ಕಂತಿಲ್ಲ' ಅಂತಾರೆ, 'ಬಡ್ಡಿ ಇಲ್ಲ' ಅನ್ನೋದಿಲ್ಲ. ಮೊದಲ ವರ್ಷದ 22 ಲಕ್ಷಕ್ಕೆ ಮೂರು ವರ್ಷದ ಬಡ್ಡಿ, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು. ಸರಳ ಬಡ್ಡಿಯೇ 13.86 ಲಕ್ಷ. ಹೊರಬೀಳುವ ದಿನ ತಲೆ ಮೇಲೆ 80 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1.08 ಲಕ್ಷ. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದಿದ್ದರೆ ಅಸಲು 66ರಲ್ಲೇ ನಿಲ್ತಿತ್ತು, ಆದರೆ ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಳೆದು ಉಳಿಯೋದೆಷ್ಟು? ಅಷ್ಟಾದರೂ ಎಕೋ ನನಗೆ ಕೂತು ಕಲಿಸಿದರು. ವಾಲ್ವ್ ಗ್ರೇಡಿಂಗ್ (ಕವಾಟ ಎಷ್ಟು ಕೆಟ್ಟಿದೆ ಅನ್ನೋದು) ಅಂದಾಜಿನ ಮೇಲೆ ಬರೆಯೋಕೆ ಬಿಡ್ತಿರಲಿಲ್ಲ.

ಶರಾವತಿ ಕಡವು, ಹೊನ್ನಾವರ
ಡಿಆರ್‌ಎನ್‌ಬಿ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು: ಇದೂ ಮೂರೇ ವರ್ಷ, ಸೀಟು ಅದೇ ನೀಟ್ ಎಸ್‌ಎಸ್‌ನದ್ದು. ಎಡವೋದು ಕೊನೆಗೆ. ಥಿಯರಿ ಪಾಸಾದರೆ ಮಾತ್ರ ಪ್ರಾಕ್ಟಿಕಲ್, ಅದೂ ಬೋರ್ಡ್ ಹೇಳಿದ ಊರಲ್ಲಿ, ಮುಖ ನೋಡದ ಪರೀಕ್ಷಕರ ಎದುರು. ಕಾರ್ಪೊರೇಟ್‌ನಲ್ಲಿ ರೋಗಿ 'ದೊಡ್ಡ ಡಾಕ್ಟರೇ ಮಾಡಬೇಕು' ಅಂತ ದುಡ್ಡು ಕೊಟ್ಟಿರ್ತಾರೆ. ಲಾಗ್‌ಬುಕ್ಕಿನಲ್ಲಿ ಕೇಸ್ ದಂಡಿಯಾಗಿರ್ತದೆ, ಬಿಚ್ಚಿ ನೋಡಿದರೆ ಎಲ್ಲ ಸೆಕೆಂಡ್ ಆಪರೇಟರ್, ಅಂದರೆ ಪಕ್ಕದ ಸಹಾಯಕ. ಹಾಗಾಗಿ ಸೇರುವ ಮೊದಲು ಈಗಿನ ಮೂರನೇ ವರ್ಷದವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಟೆಂಪರರಿ ಪೇಸಿಂಗ್ (ತಾತ್ಕಾಲಿಕ ಪೇಸ್‌ಮೇಕರ್), ಪೆರಿಕಾರ್ಡಿಯಲ್ ಟ್ಯಾಪ್ (ಹೃದಯದ ಸುತ್ತ ತುಂಬಿದ ನೀರು ತೆಗೆಯೋದು) ಯಾರ ಕೈಯಲ್ಲಿ ಆಗ್ತದೆ? ಉತ್ತರ ತಡವರಿಸಿದರೆ ಫೋನ್ ಇಡಿ.

ಕೌನ್ಸೆಲಿಂಗ್ ದುಡ್ಡು: 5000 ವಾಪಸ್ ಬರೋದಿಲ್ಲ, 2 ಲಕ್ಷ ಠೇವಣಿ. ಎರಡನೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಆ 2 ಲಕ್ಷವೂ ಹೋಯ್ತು. ಇಷ್ಟ ಇಲ್ಲದ ಕಾಲೇಜನ್ನು 'ಇರಲಿ' ಅಂತ ಪಟ್ಟಿಯಲ್ಲಿ ತುಂಬಿಸಬೇಡಿ.

ಕಾಳಿ ದಂಡೆಯವ, ಕಾರವಾರ
@ಶಿರಸಿ ಪೇಟೆ, 80 ಲಕ್ಷ ಕೊಟ್ಟು ಎಕೋ ಕಲಿತದ್ದು ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು.

ಶಿರಸಿ ಪೇಟೆ
ಎಕೋ ಬಾರದೆ ಸ್ಟೆಂಟ್ ಹಾಕುವವರ ರಿಪೋರ್ಟ್ ದಿನಾ ನನ್ನ ಟೇಬಲ್ಲಿಗೆ ಬರ್ತದೆ ಮಾರಾಯ್ರೇ. ಅಯೋರ್ಟಿಕ್ ಸ್ಟೆನೋಸಿಸ್ (ಮಹಾಪಧಮನಿಯ ಕವಾಟ ಕಿರಿದಾಗೋದು) ಇರುವ ಮುದುಕನ ಗ್ರೇಡಿಯಂಟ್ (ಕವಾಟದ ಆಚೀಚೆಯ ಒತ್ತಡದ ವ್ಯತ್ಯಾಸ) ಏಪಿಕಲ್ ವಿಂಡೋ (ಹೃದಯದ ತುದಿ ಕಡೆಯ ನೋಟ) ಒಂದರಲ್ಲೇ ತೆಗೆದು 'ಮಾಡರೇಟ್' ಅಂತ ಬರೆದಿರ್ತಾರೆ. ಬಲಗಡೆ ಪ್ಯಾರಾಸ್ಟರ್ನಲ್‌ನಿಂದ (ಎದೆಮೂಳೆಯ ಪಕ್ಕ) ಪೆನ್ಸಿಲ್ ಪ್ರೋಬ್ ಇಟ್ಟರೆ ಅದೇ ಸಿವಿಯರ್. ರಕ್ತದ ಹರಿವು ಅಳೆಯುವ ಡಾಪ್ಲರ್ ಕೋನ ತಪ್ಪಿದರೆ ವೇಗ ಕಡಿಮೆಯೇ ತೋರಿಸ್ತದೆ, ಹೆಚ್ಚು ತೋರಿಸೋದಿಲ್ಲ. ಇದು ಯಾವ ಸಂಖ್ಯೆಯಿಂದಲೂ ಬರೋದಲ್ಲ, ಪಕ್ಕದಲ್ಲಿ ಕೂತು ಕೈ ತಿರುಗಿಸುವವರು ಬೇಕು.

ಕುಮಟೆಯ ಫಿಜಿಷಿಯನ್
ಎಲ್ಲರಿಗೂ ಥ್ಯಾಂಕ್ಸ್. ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಒಳಗೇ ಇರುವ ಹಾಗೆ ಹೇಳಿದರೆ...

ಅಘನಾಶಿನಿ
ಯಾವ ಕೋರ್ಸಾದರೂ ಸರಿ, ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಸ್ವಂತ ತಗೊಳ್ಳಿ. ಕ್ಯಾಥ್‌ಲ್ಯಾಬಿನ (ಆಂಜಿಯೋ, ಸ್ಟೆಂಟ್ ಮಾಡುವ ಕೋಣೆ) ಗೂಟಕ್ಕೆ ಮಡಚಿ ನೇತುಹಾಕಿದ್ದನ್ನು ಫ್ಲೋರೋಸ್ಕೋಪಿಯಲ್ಲಿ (ನೇರ ಎಕ್ಸ್‌ರೇ ಪರದೆ) ಇಟ್ಟು ನೋಡಿ, ಮಡಿಕೆ ಇದ್ದಲ್ಲೆಲ್ಲ ಬಿರುಕು ಕಾಣ್ತದೆ. ಒಂದೇ ತುಂಡಿನದು ಬೇಡ, ಭಾರ ಪೂರ್ತಿ ಹೆಗಲ ಮೇಲೆ. ಜಾಕೆಟ್, ಲಂಗ ಬೇರೆ ಬೇರೆ ಇರುವುದು, ಸುತ್ತಿಕೊಂಡಾಗ ಮುಂದೆ 0.25 ಮೇಲೆ 0.25 ಬಿದ್ದು 0.5 ಮಿ.ಮೀ. ಸೀಸಕ್ಕೆ ಸಮ ಆಗುವಂಥದ್ದು. ಸೊಂಟಪಟ್ಟಿ ಬಿಗಿದರೆ ಅರ್ಧ ಭಾರ ಸೊಂಟಕ್ಕೆ. ಎಲ್‌ಎಓ ವ್ಯೂನಲ್ಲಿ (ಎಡ ಓರೆ ಕೋನ) ಎಕ್ಸ್‌ರೇ ಟ್ಯೂಬ್ ನಿಮ್ಮ ಕಡೆಗೇ ಬರ್ತದೆ, ಚದುರುವ ವಿಕಿರಣ ಹೆಚ್ಚು. ಸಿನಿ (ಎಕ್ಸ್‌ರೇ ವಿಡಿಯೊ) ತೆಗೆಯುವಾಗ ಒಂದು ಹೆಜ್ಜೆ ಹಿಂದೆ ನಿಲ್ಲಿ.

ಶರಾವತಿ ಕಡವು, ಹೊನ್ನಾವರ
ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಡ್ರಾಯರಿನಲ್ಲಿಟ್ಟು ಕೇಸ್ ಮಾಡುವವರಿಗೆ ಇದನ್ನೆಲ್ಲ ಹೇಳಿ ಎಂತ ಪ್ರಯೋಜನ? ರೀಡಿಂಗ್ ಹೆಚ್ಚು ಬಂದರೆ ರಜೆ ಕೊಡ್ತಾರೆ, ಕೇಸ್ ತಪ್ಪುತ್ತದೆ ಅಂತ ಹೆದರಿಕೆ.

ಕಾಳಿ ದಂಡೆಯವ, ಕಾರವಾರ
ಅದು ನನಗೆ ಹೇಳಿದ್ದಾ?

ಶರಾವತಿ ಕಡವು, ಹೊನ್ನಾವರ
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ.

ಘಟ್ಟದ ಕೆಳಗಿನವ, ಅಂಕೋಲಾ
ಊರಿಗೆ ಬರುವವನಿಗೆ ನೀವೆಲ್ಲ ಕ್ಯಾಥ್‌ಲ್ಯಾಬ್ ಮಾತಾಡ್ತೀರಿ. ಮಳೆಗಾಲದಲ್ಲಿ ಅರಬೈಲ್ ಘಟ್ಟ ಹತ್ತಿ ಹೃದಯಾಘಾತದ ರೋಗಿ ಹೊತ್ತು ಹುಬ್ಬಳ್ಳಿಗೆ ಹೋಗುವ ಆಂಬುಲೆನ್ಸ್ 90 ನಿಮಿಷದಲ್ಲಿ ಬಲೂನ್ (ಮುಚ್ಚಿದ ನಾಳ ತೆರೆಯೋದು) ಕಾಣ್ತದಾ? 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿಯೇ ಇರಲಿಲ್ಲ. ಇಲ್ಲಿ ಕೆಲಸಕ್ಕೆ ಬರೋದು ಲೈಸಿಸ್, ಹೆಪ್ಪು ಕರಗಿಸುವ ಇಂಜೆಕ್ಷನ್. ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಂಜೆಕ್ಷನ್ ಟೆನೆಕ್ಟೆಪ್ಲೇಸ್ ತಾಲೂಕು ಆಸ್ಪತ್ರೆಗೇ ಬಂತು. 60 ಕೆಜಿಯೊಳಗೆ 30 ಮಿ.ಗ್ರಾಂ., ಮುಂದೆ ಪ್ರತಿ 10 ಕೆಜಿಗೆ 5 ಏರಿಸಿ, 90 ಮುಟ್ಟಿದರೆ 50.

ಶಿರಸಿ ಪೇಟೆ
75 ವರ್ಷ ದಾಟಿದವರಿಗೆ ಅರ್ಧ ಡೋಸ್ ಅಂತ ಸೇರಿಸಿ, ಯಾರಾದರೂ ಇದನ್ನೇ ಓದಿ ಕೊಟ್ಟಾರು. ಮತ್ತೆ, ಕೊಟ್ಟು ಮುಗೀತು ಅಂತಲ್ಲ. 60–90 ನಿಮಿಷಕ್ಕೆ ಇಸಿಜಿ ತೆಗೆದು ಏರಿದ ಎಸ್‌ಟಿ ಗೆರೆ ಅರ್ಧಕ್ಕಿಂತ ಇಳಿಯದಿದ್ದರೆ ಅದೇ ಘಟ್ಟ ಹತ್ತಲೇಬೇಕು. ಇಳಿದರೂ 24 ಗಂಟೆಯೊಳಗೆ ಆಂಜಿಯೋ. ಅದಕ್ಕೇ ಕೊಟ್ಟ ಕೂಡಲೇ ಗಾಡಿ ಹೊರಡಿಸಿ, ಇಸಿಜಿ ದಾರಿಯಲ್ಲೇ ತೆಗೆಯಿರಿ.

ಘಟ್ಟದ ಕೆಳಗಿನವ, ಅಂಕೋಲಾ
ಗೊತ್ತಿದೆ ಮೇಡಂ, ಘಟ್ಟದ ಮೇಲಿನವರು ಹೇಳಿಕೊಡೋದು ಬೇಡ. ನಿಮ್ಮ ಕಡೆಯಿಂದ ದೇವಿಮನೆ ಘಟ್ಟ ಇಳಿದು ಬಂದ ರೋಗಿಗೆ ಟೆನೆಕ್ಟೆಪ್ಲೇಸನ್ನು ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹೋಗ್ತಿದ್ದ ಲೈನಿಗೇ ತಳ್ಳಿದ್ದರು. ಅದರಲ್ಲಿ ಔಷಧಿ ಗಸಿ ಕಟ್ಟುತ್ತದೆ. ಮೊದಲು ಸಲೈನ್‌ನಲ್ಲಿ ಫ್ಲಷ್, ಐದು ಸೆಕೆಂಡಿನ ಬೋಲಸ್ (ಒಂದೇ ಸಲ ತಳ್ಳೋದು), ಮತ್ತೆ ಫ್ಲಷ್. ಜೊತೆಗೆ ಕೊಡುವ ಹೆಪ್ಪು ತಡೆಯುವ ಮಾತ್ರೆ ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ಅಲ್ಲ. ಇದನ್ನು ನಿಮ್ಮ ಪೇಟೆಯವರಿಗೆ ಹೇಳಿ.